ಅವಳು ಕೇಳಿದ್ದು ಪುಸ್ತಕವಲ್ಲ

ತಿಲಕನಗರದ ಒಂದು ಗಲ್ಲಿಯಲ್ಲಿ ನನ್ನ ತಮ್ಮನ ಪುಟ್ಟ ಪುಸ್ತಕದಂಗಡಿಯಿದೆ. ಜಯನಗರ 4ನೇ ಬ್ಲಾಕಿನಿಂದ ನಡೆದು ಬರುವಷ್ಟು ದೂರ. ಬೋರ್ಡಿನ ಮೇಲೆ ಪುಸ್ತಕದಂಗಡಿ ಎಂದಿದ್ದರೂ ಮುಂದಿನ ಅರ್ಧ ಭಾಗವನ್ನು ಅತ್ತರು, ಟೋಪಿ, ತಸ್ಬೀಹ್, ಮಿಸ್ವಾಕ್, ಸುರ್ಮಾ, ಜಾನಮಾಝ್‌ಗಳು ಆಕ್ರಮಿಸಿಕೊಂಡಿವೆ. ಪುಸ್ತಕಗಳಿರುವುದು ಅದರ ಹಿಂದೆ. "ಬಾಡಿಗೆ ಕಟ್ಟುವುದು ಅತ್ತರು, ಮರ್ಯಾದೆ ಉಳಿಸುವುದು ಪುಸ್ತಕ" ಎಂದು ತಮ್ಮ ನಗುತ್ತಾನೆ.

ಬೆಳಿಗ್ಗೆ ಮದ್ರಸದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾನು, ತಮ್ಮ ಸಾಮಾನು ತರಲು ಶಿವಾಜಿನಗರಕ್ಕೆ ಹೋದ ದಿನಗಳಲ್ಲಿ ಅಸರ್ ನಮಾಝಿನ ನಂತರ ಅಂಗಡಿಯಲ್ಲಿ ಕುಳಿತುಕೊಳ್ಳುತ್ತೇನೆ. ನಾನು ಕುಳಿತ ದಿನ ಮಹಿಳಾ ಗಿರಾಕಿಗಳು ಸ್ವಲ್ಪ ಹೆಚ್ಚು. ಗಂಡಸರ ಮುಂದೆ ಕೇಳಲಾಗದ ಪುಸ್ತಕವನ್ನು ನನ್ನಲ್ಲಿ ಕೇಳಬಹುದು ಎಂಬ ಧೈರ್ಯವಿರಬೇಕು.

ಬರುವವರಲ್ಲಿ ಎಷ್ಟು ಬಗೆ! ನಾಲ್ಕು ವರ್ಷದ ಮಗುವಿನ ಕೈಹಿಡಿದು ನೂರಾನಿ ಕಾಯಿದಾ ಕೊಳ್ಳಲು ಬರುವ ತಾಯಂದಿರಿದ್ದಾರೆ. "ಮಕ್ಕಳಿಗೆ ಉರ್ದು ಓದಲು ಬರೋದಿಲ್ಲ ಆಪಾ, ಪ್ರವಾದಿಗಳ ಕಥೆ ಇಂಗ್ಲಿಷಿನಲ್ಲಿ ಇದೆಯಾ?" ಎಂದು ಬಿಟಿಎಂ ಲೇಔಟಿನಿಂದ ಬರುವವರಿದ್ದಾರೆ. ಕರಾವಳಿಯಿಂದ ಓದಲು ಬಂದ ಹುಡುಗಿಯರು ಕನ್ನಡ ಪುಸ್ತಕಗಳ ಸಾಲಿನ ಮುಂದೆ ನಿಂತು, ಊರಿನವರನ್ನೇ ಕಂಡಷ್ಟು ಸಂತೋಷಪಡುತ್ತಾರೆ. ಅಜ್ಜಿಗೆ ಉರ್ದು, ಸೊಸೆಗೆ ಕನ್ನಡ, ಮೊಮ್ಮಗನಿಗೆ ಇಂಗ್ಲಿಷ್ ಎಂದು ಒಂದೇ ಮನೆಗೆ ಮೂರು ಭಾಷೆಯ ಪುಸ್ತಕ ಒಯ್ಯುವವರೂ ಇದ್ದಾರೆ.

ಇಷ್ಟು ವರ್ಷಗಳಲ್ಲಿ ನಾನು ತಿಳಿದುಕೊಂಡದ್ದು ಒಂದೇ. ಪುಸ್ತಕ ಕೇಳುವವರಲ್ಲಿ ಅನೇಕರು ನಿಜವಾಗಿ ಕೇಳುವುದು ಪುಸ್ತಕವನ್ನಲ್ಲ. ಈ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದೇ ಈ ತಿಂಗಳ ಬರಹ.

* * *

ಒಂದು ಸಂಜೆ ಮಗ್ರಿಬ್‌ಗೆ ಸ್ವಲ್ಪ ಮುಂಚೆ ಮೂವತ್ತರ ಆಸುಪಾಸಿನ ಸಹೋದರಿಯೊಬ್ಬರು ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು ಮೆಲ್ಲಗೆ ಕೇಳಿದರು.

"ಆಪಾ, ಗಂಡನ ಕೋಪ ಇಳಿಯುವುದಕ್ಕೆ ವಝೀಫಾ ಇರುವ ಪುಸ್ತಕ ಇದೆಯಾ?"

ಇತ್ತು. ಅಂತಹ ಕಿರುಪುಸ್ತಕಗಳು ನಮ್ಮಲ್ಲಿ ಅತ್ತರಿನಷ್ಟೇ ಚೆನ್ನಾಗಿ ಮಾರಾಟವಾಗುತ್ತವೆ. ತೆಗೆದುಕೊಟ್ಟೆ. ಅವರು ಹಣ ಕೊಟ್ಟದ್ದೂ ಎಡಗೈಯಿಂದ, ಚಿಲ್ಲರೆ ತೆಗೆದುಕೊಂಡದ್ದೂ ಎಡಗೈಯಿಂದ. ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಬಲಗೈ ಬುರ್ಖಾದ ಒಳಗೇ ಇತ್ತು. ನಾನು ಅದನ್ನು ನೋಡಿದೆ. ನೋಡಿಯೂ ಏನೂ ಕೇಳಲಿಲ್ಲ. "ನಲ್ವತ್ತೊಂದು ದಿನ ಬಿಡದೆ ಓದಿ, ಅಲ್ಲಾಹ್ ಒಳ್ಳೆಯದು ಮಾಡುತ್ತಾನೆ" ಎಂದು ಹೇಳಿ ಕಳುಹಿಸಿದೆ.

ದುಆ ಮಾಡುವುದು ತಪ್ಪೇ? ಖಂಡಿತ ಅಲ್ಲ. ದುಆ ನಮ್ಮ ದೊಡ್ಡ ಆಸರೆ. ಆದರೆ ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆಂದು ಪ್ರತಿವರ್ಷ ಮಕ್ಕಳಿಗೆ ಪಾಠ ಹೇಳುವವಳು ನಾನು. ಆ ಸಂಜೆ ಒಂಟೆಯನ್ನು ಕಟ್ಟುವ ಮಾತನ್ನೇ ನಾನು ಆಡಲಿಲ್ಲ.

* * *

ಅದೇ ವಾರ ಒಬ್ಬ ಹಿರಿಯರು ಮಗಳ ಮದುವೆಯ ಉಡುಗೊರೆಗೆಂದು ಬಂದರು. ಒಂದು ಒಳ್ಳೆಯ ಕುರ್‌ಆನ್ ಪ್ರತಿ, ಮಖ್ಮಲ್ ಹೊದಿಕೆ, ಜೊತೆಗೆ ಬೆಹಿಶ್ತಿ ಝೇವರ್. ನಮ್ಮ ಅನೇಕ ಮನೆಗಳಲ್ಲಿ ಇದು ತಲೆಮಾರುಗಳಿಂದ ಬಂದ ವಾಡಿಕೆ. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹೆಣ್ಣುಮಕ್ಕಳಿಗಾಗಿಯೇ ಬರೆದ ಆ ದೊಡ್ಡ ಪುಸ್ತಕ ನನ್ನ ಅಮ್ಮಿಯ ಪೆಟ್ಟಿಗೆಯಲ್ಲೂ ಇತ್ತು.

"ಅಳಿಯನಿಗೆ ಯಾವ ಪುಸ್ತಕ ಕೊಡಲಿ ಭಾಯ್?" ಎಂದು ಕೇಳಿದೆ.

ಅವರು ನಕ್ಕರು. "ಅಳಿಯನಿಗೆ ವಾಚ್ ಕೊಡುತ್ತೇವೆ ಆಪಾ."

ಅವರು ಹೋದ ಮೇಲೆ, ಯಾಕೋ ಏನೋ, ನಮ್ಮ ಕಪಾಟಿನ ಮುಂದೆ ನಿಂತು ಎಣಿಸಿದೆ. ಪತ್ನಿಯ ಕರ್ತವ್ಯಗಳನ್ನು ಹೇಳುವ ಪುಸ್ತಕಗಳು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಸೇರಿ 14. ಪತಿಯ ಕರ್ತವ್ಯಗಳ ಬಗ್ಗೆ ಬರೆದದ್ದು ಎರಡು. ಅದರಲ್ಲೊಂದರ ಮೇಲೆ ಎಷ್ಟು ಧೂಳಿತ್ತೆಂದರೆ ಒರೆಸದೆ ಹೆಸರು ಓದಲಾಗಲಿಲ್ಲ. ತನ್ನ ಮನೆಯವರೊಂದಿಗೆ ಉತ್ತಮವಾಗಿ ವರ್ತಿಸುವವನೇ ನಿಮ್ಮಲ್ಲಿ ಉತ್ತಮ ಎಂಬ ಅರ್ಥದ ಪ್ರವಾದಿ(ಸ)ವಚನವನ್ನು ಎಲ್ಲರೂ ಬಲ್ಲೆವು. ಆದರೆ ಅದನ್ನು ಯಾರಿಗೆ ಹೇಳಬೇಕೋ ಅವರ ಕೈಗೆ ನಾವು ವಾಚ್ ಕಟ್ಟಿ ಕಳುಹಿಸುತ್ತೇವೆ.

* * *

ಕೆಲವು ದಿನಗಳ ಬಳಿಕ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹಿಂದೂ ಮಹಿಳೆ ಬಂದು ನಿಂತರು. ಬನಶಂಕರಿಯವರು, ನಿವೃತ್ತ ಕನ್ನಡ ಶಿಕ್ಷಕಿ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಬರಲು ಹಿಂಜರಿಯುತ್ತಿದ್ದರು.

"ಬನ್ನಿ ಅಮ್ಮಾ" ಎಂದೆ.

ಅವರ ಪಕ್ಕದ ಮನೆಯ ಮುಸ್ಲಿಂ ಅಜ್ಜಿ ತೀರಿಕೊಂಡಿದ್ದರಂತೆ. ಮೂವತ್ತು ವರ್ಷದ ನೆರೆಹೊರೆ. ಮನೆಯಲ್ಲಿ ಯಾಸೀನ್ ಓದುತ್ತಿದ್ದಾಗ ಮೂಲೆಯಲ್ಲಿ ಕುಳಿತು ಕೇಳಿದರಂತೆ. "ಅರ್ಥ ಏನು ಅಂತ ಅಲ್ಲಿದ್ದ ಹುಡುಗಿಯರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಕನ್ನಡದಲ್ಲಿ ಸಿಗುತ್ತಾ?"

ಆ ಮಾತು ನನಗೆ ತಗುಲಿತು. ಮಂಗಳೂರಿನ ಶಾಂತಿ ಪ್ರಕಾಶನದ ಕನ್ನಡ ಅನುವಾದವನ್ನು ತೆಗೆದು ಮುಂದಿಟ್ಟೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ನಾನು ಮುಟ್ಟಬಹುದಾ?"

"ನಿಮಗೆಂದೇ ಕನ್ನಡಕ್ಕೆ ತಂದದ್ದಮ್ಮಾ. ಅನುವಾದ ಓದಲು ಅಡ್ಡಿಯೇನೂ ಇಲ್ಲ" ಎಂದೆ.

ಎರಡೂ ಕೈಗಳಿಂದ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ನಾವು ನಿಸಾರ್ ಅಹಮದ್ ಅವರ ಬಗ್ಗೆಯೂ ಸ್ವಲ್ಪ ಮಾತಾಡಿದೆವು. ಪದ್ಮನಾಭನಗರದಲ್ಲಿ ವಾಸವಾಗಿದ್ದ ಕವಿಗಳು 2020ರಲ್ಲಿ ನಿಧನರಾದಾಗ ಲಾಕ್‌ಡೌನ್ ಇದ್ದ ಕಾರಣ ಕೊನೆಯ ದರ್ಶನಕ್ಕೂ ಹೋಗಲಾಗಲಿಲ್ಲವೆಂದು ಅವರು ನೊಂದುಕೊಂಡರು. ತಮ್ಮ ಶಾಲೆಯ ಮಕ್ಕಳಿಗೆ ನಿತ್ಯೋತ್ಸವ ಹಾಡಿಸಿದವರಂತೆ.

ಒಂದೂವರೆ ತಿಂಗಳ ನಂತರ ಅವರು ಮತ್ತೆ ಬಂದರು. ಪುಸ್ತಕದ ತುಂಬ ಕಾಗದದ ಗುರುತುಗಳು! ಕೆಲವು ಪ್ರಶ್ನೆ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಕೊನೆಗೆ 58ನೇ ಅಧ್ಯಾಯ ತೆರೆದರು.

"ಇಲ್ಲಿ ಒಬ್ಬಳು ಹೆಂಗಸು ಗಂಡನ ಬಗ್ಗೆ ವಾದ ಮಾಡ್ತಾಳಲ್ಲ, ಅವಳು ಯಾರು?"

ನನಗೆ ಹೇಳಲು ಸಂತೋಷವೇ ಆಯಿತು. ಅವರು ಹಝ್ರತ್ ಖೌಲಾ ಬಿನ್ತ್ ಸಅ್‌ಲಬಾ(ರ). ಪತಿ ಔಸ್ ಬಿನ್ ಸಾಮಿತ್(ರ) ಕೋಪದಲ್ಲಿ ಅವರನ್ನು ತಾಯಿಗೆ ಹೋಲಿಸಿ ದೂರ ಮಾಡಿದರು. ಇದನ್ನು ಝಿಹಾರ್ ಎನ್ನುತ್ತಾರೆ. ಅಜ್ಞಾನ ಕಾಲದ ಪದ್ಧತಿಯಂತೆ ಆ ಒಂದು ಮಾತಿನಿಂದ ಹೆಣ್ಣಿನ ಸಂಸಾರ ಮುಗಿದುಹೋಗುತ್ತಿತ್ತು. ಖೌಲಾ(ರ) ಮನೆಯಲ್ಲಿ ಅಳುತ್ತಾ ಕೂರಲಿಲ್ಲ. ನೇರವಾಗಿ ಪ್ರವಾದಿ(ಸ)ರ ಬಳಿ ಬಂದರು. ಯೌವನವನ್ನೆಲ್ಲ ಕೊಟ್ಟೆ, ಮಕ್ಕಳನ್ನು ಹೆತ್ತೆ, ಈಗ ವಯಸ್ಸಾದ ಮೇಲೆ ಹೀಗೆ ಮಾಡಿದರೆ ನಾನೆಲ್ಲಿಗೆ ಹೋಗಲಿ ಎಂದು ದೂರಿಕೊಂಡರು. ಒಮ್ಮೆ ಉತ್ತರ ಸಿಗದಾಗ ಮತ್ತೆ ಮತ್ತೆ ಕೇಳಿದರು. ಅದೇ ಮನೆಯ ಒಂದು ಬದಿಯಲ್ಲಿದ್ದ ಹಝ್ರತ್ ಆಯಿಶಾ(ರ)ರಿಗೂ ಅವರ ಕೆಲವು ಮಾತುಗಳು ಕೇಳಿಸಲಿಲ್ಲ. ಆದರೆ ಅಲ್ಲಾಹನು ಕೇಳಿದನು. ಆ ದೂರಿಗೆ ಉತ್ತರವಾಗಿ ವಹೀ ಇಳಿಯಿತು. ಝಿಹಾರ್‌ನ ಕೆಟ್ಟ ಪದ್ಧತಿ ಖಂಡಿಸಲ್ಪಟ್ಟಿತು. ಹಾಗೆ ಹೇಳಿದ ಗಂಡನಿಗೆ ಪ್ರಾಯಶ್ಚಿತ್ತ ವಿಧಿಸಲಾಯಿತು. ಗುಲಾಮನೊಬ್ಬನ ವಿಮೋಚನೆ, ಆಗದಿದ್ದರೆ ಸತತ ಎರಡು ತಿಂಗಳ ಉಪವಾಸ, ಅದೂ ಆಗದಿದ್ದರೆ ಅರವತ್ತು ಮಂದಿ ಬಡವರಿಗೆ ಊಟ. ಆ ಅಧ್ಯಾಯದ ಹೆಸರೇ ಅಲ್ ಮುಜಾದಲಃ. ಅದರ 22 ಸೂಕ್ತಗಳಲ್ಲಿ ಅಲ್ಲಾಹನ ಹೆಸರಿಲ್ಲದ ಸೂಕ್ತ ಒಂದೂ ಇಲ್ಲ.

ಟೀಚರ್ ಗಮನವಿಟ್ಟು ಕೇಳಿದರು. ಆಮೇಲೆ ಸಹಜವಾಗಿಯೇ ಒಂದು ಮಾತು ಕೇಳಿದರು. "ಎಷ್ಟು ಧೈರ್ಯದ ಹೆಂಗಸು! ಇದನ್ನು ನೀವು ನಿಮ್ಮ ಹೆಣ್ಣುಮಕ್ಕಳಿಗೆ ಹೇಳ್ತೀರಿ ಅಲ್ವಾ?"

"ಹೇಳುತ್ತೇವೆ" ಎಂದೆ. ಆದರೆ ಕಣ್ಣ ಮುಂದೆ ಬಂದದ್ದು ಎಡಗೈಯಿಂದ ಚಿಲ್ಲರೆ ತೆಗೆದುಕೊಂಡ ಆ ಸಹೋದರಿ. ದೂರು ಹೊತ್ತು ಬಂದ ಹೆಣ್ಣಿನ ದನಿಯನ್ನು ಆಕಾಶದಾಚೆಯಿಂದ ಅಲ್ಲಾಹನು ಕೇಳಿದ. ಮೂರಡಿ ದೂರದ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನಾನು ಕೇಳಲಿಲ್ಲ.

* * *

ನಮ್ಮ ಅಂಗಡಿಯ ಹಿಂಬದಿಯಲ್ಲಿ ಒಂದು ದೊಡ್ಡ ಗೋಣಿಚೀಲವಿದೆ. ಹರಿದ ಮುಸ್‌ಹಫ್, ಹಳೆಯ ಸಿಪಾರಾ, ಅಲ್ಲಾಹನ ಹೆಸರಿರುವ ಮದುವೆ ಕಾರ್ಡು, ಹಳೆಯ ಕ್ಯಾಲೆಂಡರ್ ಎಲ್ಲವನ್ನೂ ಜನ ತಂದುಕೊಡುತ್ತಾರೆ. ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಚೀಲ ತುಂಬಿದಾಗ ಅವನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ಜನ ತುಳಿಯದ ಜಾಗದಲ್ಲಿ ಹೂಳಿಸುತ್ತೇವೆ. ಹನಫೀ ವಿದ್ವಾಂಸರು ಹೆಚ್ಚಾಗಿ ಹೇಳುವ ಕ್ರಮವಿದು. ಖಲೀಫಾ ಉಸ್ಮಾನ್(ರ) ಅಧಿಕೃತ ಪ್ರತಿಗಳನ್ನು ನಾಡುಗಳಿಗೆ ಕಳುಹಿಸಿ ಉಳಿದ ಬರಹಗಳನ್ನು ಸುಡಿಸಿದ್ದನ್ನು ಆಧಾರವಾಗಿಟ್ಟು ಸುಡಬಹುದೆಂದವರೂ ಇದ್ದಾರೆ.

ಈ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಯಹೂದಿಯರೂ ದೇವರ ಹೆಸರಿರುವ ಹಾಳೆಯನ್ನು ಎಸೆಯುವುದಿಲ್ಲ. ಆರಾಧನಾಲಯದ ಒಂದು ಕೋಣೆಯಲ್ಲಿ ಕೂಡಿಟ್ಟು ನಂತರ ಹೂಳುತ್ತಾರೆ. ಆ ಕೋಣೆಗೆ ಗೆನೀಝಾ ಎಂದು ಹೆಸರು. ಹಳೆಯ ಕೈರೋದ ಒಂದು ಆರಾಧನಾಲಯದಲ್ಲಿ ಹೀಗೆ ಕೂಡಿಟ್ಟದ್ದು ಹೂಳಲ್ಪಡದೆ ಶತಮಾನಗಳ ಕಾಲ ಹಾಗೆಯೇ ಉಳಿಯಿತು. 1896ರಲ್ಲಿ ಸ್ಕಾಟ್ಲೆಂಡಿನ ಇಬ್ಬರು ಅವಳಿ ಸಹೋದರಿಯರು, ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್, ತಾವು ಕೊಂಡು ತಂದ ಹಳೆಯ ಹಾಳೆಗಳನ್ನು ಕೇಂಬ್ರಿಜ್‌ನ ವಿದ್ವಾಂಸ ಸೊಲೊಮನ್ ಶೆಖ್ಟರ್ ಅವರಿಗೆ ತೋರಿಸಿದರು. ಶೆಖ್ಟರ್ ಕೈರೋಗೆ ಹೋಗಿ ಆ ರಾಶಿಯ ಬಹುಭಾಗವನ್ನು ತಂದರು. ಲಕ್ಷಕ್ಕೂ ಮಿಕ್ಕಿದ ತುಣುಕುಗಳು!

ಅದರಲ್ಲಿ ನಮ್ಮ ನಾಡಿನ ಸುದ್ದಿಯೂ ಇತ್ತೆಂದರೆ ಆಶ್ಚರ್ಯವಾಗುತ್ತದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ, 1132ರಿಂದ 1149ರವರೆಗೆ, ಹೆಚ್ಚಾಗಿ ನಮ್ಮ ಮಂಗಳೂರಿನಲ್ಲಿದ್ದ. ಇಲ್ಲಿ ಕಾಗದ ಸಿಗುತ್ತಿರಲಿಲ್ಲ. ಏಡನ್‌ನ ಗೆಳೆಯರು ಅವನಿಗೆ ಕಾಗದ ಕಳುಹಿಸುತ್ತಿದ್ದರು. ಆಶು ಎಂಬ ಇಲ್ಲಿನ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಅಮಿತಾವ್ ಘೋಷ್ ಅವರ ಇನ್ ಆ್ಯನ್ ಆಂಟೀಕ್ ಲ್ಯಾಂಡ್ ಎಂಬ 1992ರ ಪುಸ್ತಕ ಇವನ ಜಾಡು ಹಿಡಿದು ಬರೆದದ್ದು.

ಫೆಲೆಸ್ತೀನಿನ ನೋವು ನಮ್ಮೆಲ್ಲರ ಎದೆಯಲ್ಲಿರುವಾಗ ಯಹೂದಿಯರ ಮಾತೇಕೆ ಎಂದು ಕೆಲವರು ಕೇಳಬಹುದು. ಆಳುವವರ ಅನ್ಯಾಯ ಬೇರೆ, ಒಂದು ಸಮುದಾಯದ ಒಳ್ಳೆಯ ಪದ್ಧತಿ ಬೇರೆ. ಪ್ರವಾದಿ(ಸ)ರು ಹಝ್ರತ್ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿ ಕಲಿಯಲು ಆದೇಶಿಸಿದ್ದರೆಂಬುದನ್ನು ಮರೆಯಬಾರದು. ಇನ್ನೊಂದು ಕಾರಣವೂ ಇದೆ. ಆ ಕೋಣೆಯಲ್ಲಿ ಸಿಕ್ಕಿದ್ದು ಧರ್ಮಗ್ರಂಥದ ಹಾಳೆಗಳು ಮಾತ್ರವಲ್ಲ. ಮದುವೆಯ ಕರಾರುಗಳು, ವಿಚ್ಛೇದನ ಪತ್ರಗಳು, ಗಂಡನ ವಿರುದ್ಧ ಹೆಂಗಸರು ಕೊಟ್ಟ ದೂರುಗಳೂ ಇದ್ದವು. ಪವಿತ್ರ ಹಾಳೆಗಳ ರಾಶಿಯಲ್ಲಿ ಹೆಂಗಸರ ಕಣ್ಣೀರೂ ಇತ್ತು.

ನಮ್ಮ ಗೋಣಿಚೀಲದಲ್ಲೂ ಅದಿದೆ ಎಂದು ನನಗೆ ಗೊತ್ತಾದದ್ದು ಒಂದು ಶುಕ್ರವಾರ.

* * *

ಆ ಸಹೋದರಿ ಮರಳಿ ಬಂದರು. ಈ ಬಾರಿ ಏನನ್ನೂ ಕೇಳಲಿಲ್ಲ. ಚೀಲದಿಂದ ವಝೀಫಾದ ಆ ಪುಸ್ತಕ ತೆಗೆದು ಗಲ್ಲಾದ ಮೇಲಿಟ್ಟರು.

"ಇದನ್ನೂ ಆ ಹಳೆಯ ಹಾಳೆಗಳ ಜೊತೆ ಹಾಕಿಬಿಡಿ ಆಪಾ. ಅಲ್ಲಾಹನ ಹೆಸರಿದೆ, ಬಿಸಾಡಲು ಭಯವಾಗುತ್ತದೆ. ನಲ್ವತ್ತೊಂದು ದಿನ ಓದಿದೆ."

ಪುಸ್ತಕ ಇನ್ನೂ ಹೊಸದಾಗಿಯೇ ಇತ್ತು. ನಾನು ಅದನ್ನು ಚೀಲಕ್ಕೆ ಹಾಕಲಿಲ್ಲ. ಗಲ್ಲಾದ ಹಿಂದಿನಿಂದ ಎದ್ದು ಬಂದು ಸ್ಟೂಲ್ ಎಳೆದು ಅವರನ್ನು ಕೂರಿಸಿದೆ. ಅರ್ಧ ಶಟರ್ ಎಳೆದು, ಪಕ್ಕದಂಗಡಿಯಿಂದ ಎರಡು ಚಹಾ ತರಿಸಿದೆ. "ಕೈಗೆ ಏನಾಗಿತ್ತು ಬೆಹನ್?" ಎಂದು ಕೇಳಿದೆ. ಎರಡು ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

ಅವರು ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯುವಂತಿಲ್ಲ. ಅದು ಅಮಾನತ್ತು. ಇಷ್ಟು ಮಾತ್ರ ಹೇಳಬಲ್ಲೆ. ಯಾರ ಬಳಿ ಹೋದರೂ ಅವರಿಗೆ ಸಿಕ್ಕಿದ ಉತ್ತರ ಒಂದೇ, ಸಬರ್ ಮಾಡು. ನಾನು ಮಾರಿದ ಪುಸ್ತಕವೂ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿತ್ತು.

ನಾನು ಅವರಿಗೆ ಖೌಲಾ(ರ)ರ ಘಟನೆ ಹೇಳಿದೆ. ದೂರು ಹೇಳುವುದು ಸಬರ್‌ಗೆ ವಿರುದ್ಧವಲ್ಲ ಎಂದೆ. ದಂಪತಿಗಳ ನಡುವೆ ಬಿರುಕು ಬಂದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಕುರ್‌ಆನ್‌ನ ಸೂರಃ ಅನ್ನಿಸಾದಲ್ಲಿ ಆದೇಶವಿದೆ. ಅದು ಪುರುಷನಿಗೆ ಮಾತ್ರ ಇರುವ ಅವಕಾಶವಲ್ಲ. ಕೂಡಿ ಬಾಳುವುದು ಸಾಧ್ಯವೇ ಇಲ್ಲವಾದರೆ ಖುಲಾ ಕೇಳುವ ಹಕ್ಕು ಹೆಣ್ಣಿಗೆ ಶರೀಅತ್ ಕೊಟ್ಟದ್ದು.

ಒಂದು ವಿಷಯ ಕೇಳಿದಾಗ ಅವರು ತಲೆ ಎತ್ತಿ ನೋಡಿದರು. ಬೆಹಿಶ್ತಿ ಝೇವರ್ ಬರೆದ ಅದೇ ಥಾನವಿಯವರು 1930ರ ದಶಕದ ಆರಂಭದಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದರು. ಹೆಸರು ಅಲ್ ಹೀಲತುನ್ನಾಜಿಝಾ. ಗಂಡ ಕಣ್ಮರೆಯಾದ, ಜೀವನಾಂಶ ಕೊಡದ, ಹಿಂಸಿಸುವ ಗಂಡನ ಕೈಯಲ್ಲಿ ಸಿಕ್ಕಿಬಿದ್ದ ಹೆಣ್ಣಿಗೆ ದಾರಿ ಯಾವುದು ಎಂಬುದೇ ಅದರ ವಿಷಯ. ಹನಫೀ ನಿಯಮದಂತೆ ಬಿಡುಗಡೆ ಕಷ್ಟವಾಗಿದ್ದಲ್ಲಿ ಮಾಲಿಕೀ ಮಝ್‌ಹಬ್‌ನ ಅಭಿಪ್ರಾಯವನ್ನು ತೆಗೆದುಕೊಳ್ಳಬಹುದೆಂದು ಅದು ತೋರಿಸಿತು. ಬಿಡುಗಡೆಗೆ ಬೇರೆ ದಾರಿ ಕಾಣದೆ ಕೆಲವು ಹೆಂಗಸರು ಧರ್ಮವನ್ನೇ ಬಿಡುವ ಸ್ಥಿತಿ ಬಂದಿತ್ತು, ಅದನ್ನು ಕಂಡು ಅವರ ಮನ ಕಲಕಿತ್ತು. ಆ ಚರ್ಚೆಯ ದಾರಿಯಲ್ಲೇ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಬಂತು. ಗಂಡ ನಾಲ್ಕು ವರ್ಷ ಕಾಣೆಯಾಗಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೌರ್ಯ ತೋರಿದರೆ ಹೆಂಡತಿ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಬಹುದು. ಹೊಡೆತ ಬಡಿತಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಬೇರೆ ಇದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ವಕೀಲರ ನೆರವು ಉಚಿತ.

ಯೋಚಿಸಿ ನೋಡಿ. ಒಬ್ಬರೇ ವಿದ್ವಾಂಸರ ಎರಡು ಪುಸ್ತಕಗಳು. ಹೆಣ್ಣಿಗೆ ಕಲಿಸುವ ಪುಸ್ತಕ ಪ್ರತಿ ವಧುವಿನ ಪೆಟ್ಟಿಗೆಗೆ ಹೋಯಿತು. ಹೆಣ್ಣಿನ ದೂರು ಕೇಳಿದ ಪುಸ್ತಕದ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಇದರಲ್ಲಿ ಬರೆದವರ ದೋಷವಿಲ್ಲ. ಆರಿಸಿಕೊಂಡವರು ನಾವು. ನಮ್ಮ ಕಪಾಟಿನಲ್ಲೂ ಅದು ಇರಲಿಲ್ಲ.

ಆ ಸಹೋದರಿ ಅವಸರದ ನಿರ್ಧಾರ ಮಾಡಲಿಲ್ಲ. ಮೊದಲು ತವರಿನಿಂದ ದೊಡ್ಡಣ್ಣ, ಗಂಡನ ಕಡೆಯಿಂದ ಚಿಕ್ಕಪ್ಪ ಕುಳಿತು ಮಾತಾಡಬೇಕೆಂದು ಬಯಸಿದರು. ಹಾಗೆಯೇ ಆಯಿತು. ಈಗ ಅವರು ಮಕ್ಕಳೊಂದಿಗೆ ತವರಿನಲ್ಲಿದ್ದಾರೆ. ಮಾತುಕತೆ ಇನ್ನೂ ನಡೆಯುತ್ತಿದೆ. ಕೊನೆ ಏನಾಗುವುದೋ ಅಲ್ಲಾಹನೇ ಬಲ್ಲ. ಕಳೆದ ವಾರ ಮಗನಿಗೆ ನೂರಾನಿ ಕಾಯಿದಾ ಕೊಳ್ಳಲು ಬಂದಿದ್ದರು. ಬಲಗೈಯಿಂದ ಹಣ ಕೊಟ್ಟರು.

* * *

ನಾವು ಅಂಗಡಿಯಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಮದುವೆಗೆಂದು ವಧುವಿಗೆ ಪುಸ್ತಕ ಕೊಳ್ಳುವವರ ಮುಂದೆ ವರನಿಗಾಗಿ ಒಂದು ಪುಸ್ತಕವನ್ನೂ ಇಡುತ್ತೇವೆ. ಕೆಲವರು ನಗುತ್ತಾರೆ, ಕೆಲವರು ಕೊಳ್ಳುತ್ತಾರೆ. ನಕ್ಕವರಲ್ಲಿ ಒಬ್ಬರು ಮರುದಿನ ಬಂದು ಮಗನಿಗೆಂದು ಒಯ್ದರು. ಎರಡನೆಯದು, ವಝೀಫಾದ ಪುಸ್ತಕ ಕೇಳಿಕೊಂಡು ಬಂದ ಯಾವ ಸಹೋದರಿಯನ್ನೂ ಕೂರಿಸಿ ಮಾತಾಡಿಸದೆ ಕಳುಹಿಸುವುದಿಲ್ಲ. ಅದಕ್ಕಾಗಿ ಸ್ಟೂಲ್ ಈಗ ಗಲ್ಲಾದ ಆಚೆಬದಿಯಲ್ಲೇ ಇರುತ್ತದೆ.

ಸಹೋದರಿಯರೇ, ನಮ್ಮೆಲ್ಲರಿಗೂ ಅಂಗಡಿಯಿಲ್ಲ. ಆದರೆ ನಮ್ಮೆಲ್ಲರ ಬಳಿಗೂ ಯಾರಾದರೊಬ್ಬರು ಏನನ್ನೋ ಕೇಳಿಕೊಂಡು ಬರುತ್ತಾರೆ. ನೆರೆಮನೆಯವಳು ಸಕ್ಕರೆ ಕೇಳಿಕೊಂಡು ಬರುತ್ತಾಳೆ. ನಾದಿನಿ ಸೀರೆಗೆ ಪಿನ್ ಕೇಳಿಕೊಂಡು ಬರುತ್ತಾಳೆ. ಕೊಟ್ಟು ಕಳುಹಿಸುವ ಮುಂಚೆ ಒಮ್ಮೆ ಅವಳ ಮುಖ ನೋಡಿ. ಅವಳ ಇನ್ನೊಂದು ಕೈ ಎಲ್ಲಿದೆ ನೋಡಿ. ಖೌಲಾ(ರ)ರ ಮಾತನ್ನು ಕೇಳಿದ ಅಲ್ಲಾಹನು, ಕೇಳದವರಂತೆ ಕುಳಿತ ನಮ್ಮನ್ನೂ ನೋಡುತ್ತಿದ್ದಾನೆ.